ಸಕ್ಕರೆಯನ್ನು ಲೋಳೆಯಾಗಿಸುವ ಕಿಣ್ವ: ಡೆಕ್ಸ್ಟ್ರಾನ್‌ಸುಕ್ರೇಸ್

ಕಡಿದ ಕಬ್ಬು ಕೆಲವು ದಿನ ಬಿಸಿಲಿನಲ್ಲಿ ಬಿದ್ದರೆ ಅದರ ರಸ ಅಂಟಂಟಾಗುತ್ತದೆ. ಈ ಲೋಳೆಯ ಹೆಸರು ಡೆಕ್ಸ್ಟ್ರಾನ್. ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಡೆಕ್ಸ್ಟ್ರಾನ್‌ಸುಕ್ರೇಸ್ ಕಿಣ್ವವೇ ಇದರ ಜನಕ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿಯೂ ಇದೇ ಬ್ಯಾಕ್ಟೀರಿಯಾದ ಪಾಲು ದೊಡ್ಡದು.

ಕಾರ್ಯವಿಧಾನ

ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಜೋಡಿ. ಕಿಣ್ವವು ಈ ಜೋಡಿಯನ್ನು ಬಿಡಿಸಿ, ಗ್ಲೂಕೋಸನ್ನು ಮಾತ್ರ ಸರಪಳಿಯಂತೆ ಪೋಣಿಸುತ್ತದೆ, ಫ್ರಕ್ಟೋಸ್ ಹೊರಗುಳಿಯುತ್ತದೆ. ಹಳೆಯ ಬಂಧದಲ್ಲಿದ್ದ ಶಕ್ತಿಯೇ ಹೊಸ ಬಂಧಕ್ಕೆ ಸಾಕಾಗುವುದರಿಂದ ಜೀವಕೋಶದ ಹೊರಗೂ ಈ ಕೆಲಸ ನಡೆಯುತ್ತದೆ. 100 ಗ್ರಾಂ ಸುಕ್ರೋಸ್‌ನಿಂದ ಗರಿಷ್ಠ 47 ಗ್ರಾಂನಷ್ಟು ಡೆಕ್ಸ್ಟ್ರಾನ್ ದೊರೆಯಬಹುದು. ಇದಕ್ಕೆ ವ್ಯತಿರಿಕ್ತವಾಗಿ ಫ್ರಕ್ಟೋಸನ್ನು ಪೋಣಿಸಿ ‘ಲೆವಾನ್’ ತಯಾರಿಸುವ ಲೆವಾನ್‌ಸುಕ್ರೇಸ್ ಎಂಬ ಕಿಣ್ವವೂ ಉಂಟು.

ಇತಿಹಾಸ

ದ್ರಾಕ್ಷಾರಸ ಲೋಳೆಯಾಗಲು ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1861ರಲ್ಲಿ ತಿಳಿಸಿದರು. 1874ರಲ್ಲಿ ಜರ್ಮನಿಯ ಶೈಬ್ಲರ್ ಈ ವಸ್ತುವಿಗೆ ಡೆಕ್ಸ್ಟ್ರಾನ್ ಎಂದು ಹೆಸರಿಟ್ಟರು. ಜೀವಕೋಶಗಳಿಲ್ಲದೆ ಕಿಣ್ವವೊಂದರಿಂದಲೇ ಇದನ್ನು ತಯಾರಿಸಬಹುದೆಂದು ಅಮೆರಿಕದ ಹೆರೆ 1941ರಲ್ಲಿ ತೋರಿಸಿದರು.

ಹಲ್ಲಿಗೆ ಶತ್ರು, ರೋಗಿಗೆ ಮಿತ್ರ

ಬಾಯಿಯಲ್ಲಿರುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಇದೇ ಬಗೆಯ ಮೂರು ಕಿಣ್ವಗಳನ್ನು ಹೊಂದಿದೆ. ಅವು ಸಕ್ಕರೆಯಿಂದ ಅಂಟು ಪದಾರ್ಥವನ್ನು ತಯಾರಿಸಿ ಬ್ಯಾಕ್ಟೀರಿಯಾ ಹಲ್ಲಿಗೆ ಕಚ್ಚಿಕೊಳ್ಳಲು ನೆರವಾಗುತ್ತವೆ. ಆ ಪದರದಡಿ ಸಂಗ್ರಹವಾಗುವ ಆಮ್ಲ ಹಲ್ಲನ್ನು ಸವೆಸುತ್ತದೆ. ಸಿಹಿ ತಿಂದ ಬಳಿಕ ಬಾಯಿ ಮುಕ್ಕಳಿಸಬೇಕೆಂಬ ಸಲಹೆಗೆ ಇದೂ ಒಂದು ಕಾರಣ.

ಅದೇ ಡೆಕ್ಸ್ಟ್ರಾನನ್ನು 1940ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ ಬಳಕೆಗೆ ತಂದರು. ರಕ್ತಹೀನತೆಗೆ ನೀಡುವ ಕೆಲವು ಕಬ್ಬಿಣಾಂಶದ ಚುಚ್ಚುಮದ್ದುಗಳಲ್ಲಿಯೂ ಅದಿದೆ.

ಕಬ್ಬು ಬೆಳೆಗಾರರಿಗೆ ನಷ್ಟ

ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಂತಹ ಕಬ್ಬಿನ ಸೀಮೆಗಳಲ್ಲಿ ಈ ಕಿಣ್ವದ ಪರಿಣಾಮ ನೇರವಾಗಿ ಹಣಕ್ಕೆ ಸಂಬಂಧಿಸಿದ್ದು. ಡೆಕ್ಸ್ಟ್ರಾನ್ ಹೆಚ್ಚಿದರೆ ರಸ ಗಟ್ಟಿಯಾಗಿ ಸೋಸುವಿಕೆ ನಿಧಾನವಾಗುತ್ತದೆ. ಸಕ್ಕರೆಯ ಹರಳುಗಳು ಸೂಜಿಯಂತೆ ಉದ್ದವಾಗುತ್ತವೆ. ಡೆಕ್ಸ್ಟ್ರಾನ್ ಬೆಳಕನ್ನು ಸುಕ್ರೋಸ್‌ಗಿಂತ ಹೆಚ್ಚು ಬಲಕ್ಕೆ ತಿರುಗಿಸುವುದರಿಂದ ಪ್ರಯೋಗಾಲಯದ ಪೋಲಾರಿಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಆದರೆ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆಯೇ.

ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಆಧಾರದಲ್ಲಿ ಕ್ವಿಂಟಲ್ ಕಬ್ಬಿಗೆ 355 ರೂ. ದರ ನಿಗದಿಪಡಿಸಿತು. ಇಳುವರಿ ಇದಕ್ಕಿಂತ ಹೆಚ್ಚಿದ್ದರೆ ರೈತರಿಗೆ ಹೆಚ್ಚುವರಿ ದರ ಸಲ್ಲುತ್ತದೆ. ಹೀಗಾಗಿ ಸಾಲುಗಟ್ಟಿ ನಿಂತ ಲಾರಿ, ಟ್ರ್ಯಾಕ್ಟರುಗಳಲ್ಲಿ ಕಬ್ಬು ಒಣಗಿದರೆ ತೂಕದ ಜೊತೆಗೆ ಇಳುವರಿಯೂ ಕುಗ್ಗುತ್ತದೆ. ಡೆಕ್ಸ್ಟ್ರಾನನ್ನು ತುಂಡರಿಸುವ ಡೆಕ್ಸ್ಟ್ರಾನೇಸ್ ಕಿಣ್ವ ಲಭ್ಯವಿದ್ದರೂ ಕಳೆದುಹೋದ ಸುಕ್ರೋಸ್ ಮರಳದು. ಕಡಿದ ಕಬ್ಬನ್ನು ತಡಮಾಡದೆ ಅರೆಯುವುದು ಮತ್ತು ಗಾಣಗಳನ್ನು ಶುಚಿಯಾಗಿಡುವುದೇ ಉತ್ತಮ ಪರಿಹಾರ.