ಕಾಡುಬಸಳೆಯ ಹುಳಿ

ಕಾಡುಬಸಳೆಯ ಎಲೆಯೊಂದನ್ನು ಪಠ್ಯಪುಸ್ತಕದ ಹಾಳೆಗಳ ನಡುವೆ ಇಟ್ಟು, ಅಂಚಿನಿಂದ ಮರಿಗಿಡಗಳು ಮೂಡಿದವೇ ಎಂದು ದಿನವೂ ತೆರೆದು ನೋಡುತ್ತಿದ್ದ ಬಾಲ್ಯ ನಮ್ಮಲ್ಲಿ ಅನೇಕರದು. ನನ್ನ ತರಗತಿಗಳಲ್ಲಿಯೂ ಹಾಗೆ ಇಟ್ಟುಕೊಂಡವರಿದ್ದರು. ಇದನ್ನು ಓದುತ್ತಿರುವ ಕೆಲವರಿಗೆ ನೆನಪಿರಬಹುದು.

ಇಂದು ಜೀವನ್ ಬಿಮಾ ನಗರದ ನಮ್ಮ ಮನೆಯ ತಾರಸಿಯ ಮೇಲೆ ಅದೇ ಗಿಡ ಎರಡು ಕುಂಡಗಳಲ್ಲಿದೆ. ಕೆಮ್ಮಣ್ಣಿಗೆ ಒಂದಿಷ್ಟು ಮರಳು, ನೀರು ಬಸಿಯಲು ಕುಂಡದ ತಳದಲ್ಲೊಂದು ತೂತು, ಮಣ್ಣು ಒಣಗಿದ ಮೇಲಷ್ಟೇ ನೀರು. ಇದಕ್ಕಿಂತ ಹೆಚ್ಚಿನ ಆರೈಕೆಯನ್ನು ಅದು ಬೇಡದು. ನೀರು ಅತಿಯಾದರೆ ಬೇರು ಕೊಳೆಯುತ್ತದೆ. ವರ್ಷಗಟ್ಟಲೆ ಬಾಳುವ ಈ ಗಿಡ ಚಳಿಗಾಲದಲ್ಲಿ ಗಂಟೆಯಾಕಾರದ ಹೂಗಳನ್ನು ಇಳಿಬಿಡುತ್ತದೆ. ಇದರ ಮೂಲ ಮಡಗಾಸ್ಕರ್ ದ್ವೀಪ. ಶೀತದೇಶಗಳ ಕಲ್ಲುಸಂದಿಗಳಲ್ಲಿ ಬೆಳೆಯುವ ಸೀಡಂ ಗಿಡಗಳೂ ಇದೂ ಕ್ರಾಸುಲೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು.

ಒಮ್ಮೆ, ಎಂಟನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದುನಿಂತು, "ಸಾರ್, ಈ ಎಲೆ ಬೆಳಿಗ್ಗೆ ಹುಳಿ ಇರುತ್ತೆ, ಮಧ್ಯಾಹ್ನ ಸಪ್ಪೆ ಆಗುತ್ತೆ, ಯಾಕೆ?" ಎಂದು ಕೇಳಿದ. ಅಂದಿನ ಪಾಠ ಲಾಲ್‌ಬಾಗಿನದು. ಹೈದರಾಲಿ ತೋಟವನ್ನು ಆರಂಭಿಸಿದ, ಟಿಪ್ಪು ಬೆಳೆಸಿದ, 1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು ಎಂದು ಬರೆಸುತ್ತಿದ್ದೆ. ಕಂಡಕಂಡದ್ದನ್ನು ಬಾಯಿಗೆ ಹಾಕಬೇಡವೆಂದು ಗದರಿ ಕೂರಿಸಿದೆ. ತರಗತಿ ನಕ್ಕಿತು. ಅವನು ಮತ್ತೆಂದೂ ಪ್ರಶ್ನೆ ಕೇಳಿದ ನೆನಪಿಲ್ಲ.

ನಿವೃತ್ತಿಯ ಬಳಿಕ ಲಾಲ್‌ಬಾಗಿನ ಮುಂದಿನ ಕಥೆಯನ್ನು ಓದುವಾಗ ಬೆಂಜಮಿನ್ ಹೇಯ್ನ್ ಎಂಬ ಹೆಸರು ಎದುರಾಯಿತು. ಟಿಪ್ಪುವಿನ ಮರಣಾನಂತರ ಕೆಲಕಾಲ ಆ ತೋಟದ ಉಸ್ತುವಾರಿ ಹೊತ್ತಿದ್ದ ಈತ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ, ಜರ್ಮನಿಯವನು. ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿಯೂ ದುಡಿದವನು. ಲಂಡನ್ನಿನ ಲಿನಿಯನ್ ಸಂಘದ ಲ್ಯಾಂಬರ್ಟ್ ಎಂಬುವರಿಗೆ ಈತ ಬರೆದ ಪುಟ್ಟ ಪತ್ರವೊಂದು 1815ರಲ್ಲಿ ಆ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಅದರ ವಿಷಯ ನಮ್ಮ ಕಾಡುಬಸಳೆಯೇ. ಎಲೆ ಬೆಳಿಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ರುಚಿಯಿಲ್ಲದಾಗುತ್ತದೆ, ಸಂಜೆಗೆ ತುಸು ಕಹಿಯಾಗುತ್ತದೆ ಎಂದು ಹೇಯ್ನ್ ಬರೆದಿದ್ದ. ಓದಿ ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆ.

ಕಾರಣವನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಬಿಡಿಸಿದರು. ಬಿಸಿಲಿನಲ್ಲಿ ಪತ್ರರಂಧ್ರಗಳನ್ನು ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ಈ ಗಿಡ ಅವನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ, ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಬೆಳಗಿನ ಹುಳಿ ಅದರದ್ದೇ. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ಆ ಆಮ್ಲದಿಂದ ಡೈಆಕ್ಸೈಡನ್ನು ಬಿಡಿಸಿ ಆಹಾರ ತಯಾರಿಸುತ್ತದೆ, ಹುಳಿ ಇಳಿಯುತ್ತದೆ. ಪಾಪಾಸುಕಳ್ಳಿ, ಅನಾನಸುಗಳೂ ಹೀಗೆಯೇ ಬದುಕುತ್ತವೆ. ಆದರೆ ಈ ಕ್ರಿಯೆಗೆ ಬಂದ ಹೆಸರು ಕಾಡುಬಸಳೆಯ ಕುಟುಂಬದ್ದು: ಕ್ರಾಸುಲೇಸಿ ಆಮ್ಲ ಚಯಾಪಚಯ.

ಎಲೆಯನ್ನು ತಿನ್ನಬೇಡವೆಂದದ್ದು ತಪ್ಪಲ್ಲ. ಹೃದಯಕ್ಕೆ ತೊಂದರೆ ಕೊಡುವ ಅಂಶಗಳು ಅದರಲ್ಲಿವೆ. ಯಾರೂ ರುಚಿ ನೋಡಲು ಹೋಗಬೇಡಿ. ಆದರೆ ಹುಡುಗ ಹೇಳಿದ್ದು ನಿಜವಾಗಿತ್ತು, ಮತ್ತು ಅದರ ಉತ್ತರದ ಒಂದು ತುದಿ ಅಂದು ಕಪ್ಪುಹಲಗೆಯ ಮೇಲಿದ್ದ ಪಾಠದಲ್ಲಿಯೇ ಇತ್ತು. "ಗೊತ್ತಿಲ್ಲಪ್ಪ, ಹುಡುಕೋಣ" ಎಂದಿದ್ದರೆ ಸಾಕಿತ್ತು.

ಅವನು ಈಗ ಎಲ್ಲಿದ್ದಾನೋ ಅರಿಯೆ. ಇದನ್ನು ಓದಿದರೆ ಮನೆಗೆ ಬರಲಿ. ಅವನಿಗೆಂದು ಒಂದು ಎಲೆ ನೆಟ್ಟಿದ್ದೇನೆ. ಆಗಲೇ ಮರಿ ಒಡೆದಿದೆ.