ಉತಾರದ ಹಿಂದಿನ ತೂಬು: ಕಂಪ್ಯೂಟರಿನ ಕರ್ನಲ್ ಮತ್ತು ಡಿಸ್ಕಿನ ನಡುವಿನ ಒಪ್ಪಂದದ ಇತಿಹಾಸ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಜಮೀನಿನ ಪಹಣಿಗೆ ಇಂದಿಗೂ 'ಉತಾರ' ಎನ್ನುತ್ತಾರೆ. ಸೊಸೈಟಿಯಲ್ಲಿ ಬೆಳೆಸಾಲ ಬೇಕೆಂದರೆ ಉತಾರ ಬೇಕು. ಅಣ್ಣತಮ್ಮಂದಿರು ಪಾಲಾಗಬೇಕೆಂದರೂ ಉತಾರ ಬೇಕು. ಒಂದು ಕಾಲಕ್ಕೆ ಅದು ತಲಾಠಿಯವರ ಕೈಬರಹದ ಪುಸ್ತಕದಲ್ಲಿತ್ತು. ಈಗ ಅದು ಕಂಪ್ಯೂಟರಿನಲ್ಲಿದೆ. ಕಂಪ್ಯೂಟರಿನಲ್ಲಿ ಎಂದರೆ ಎಲ್ಲಿ? ಅದನ್ನು ಅಲ್ಲಿ ಇಡುವವರು ಯಾರು, ತೆಗೆದುಕೊಡುವವರು ಯಾರು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಐವತ್ತು ವರ್ಷಕ್ಕೂ ಮೀರಿದ ಒಂದು ಸ್ವಾರಸ್ಯಕರ ಇತಿಹಾಸ ನಮಗೆ ಸಿಗುತ್ತದೆ.

ಮೊದಲು ನಮ್ಮ ರಾಜ್ಯದ ಮಾತು. 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲೂ ಇದರ ಕೇಂದ್ರಗಳು ತೆರೆದಿದ್ದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿತ್ತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಗೋಕಾಕ, ಹುಕ್ಕೇರಿ ಆ 177ರಲ್ಲಿ ಸೇರಿದ್ದವು. ಮೂಡಲಗಿ ಆಗ ಗೋಕಾಕ ತಾಲ್ಲೂಕಿನ ಭಾಗ. ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ.

ಈ ಕಾಲು ಶತಮಾನದಲ್ಲಿ ದಾಖಲೆ ಇಡುವ ಸಾಧನಗಳು ಎಷ್ಟು ಬದಲಾದವು ನೋಡಿರಿ. ಗಿರಗಿರನೆ ತಿರುಗುವ ಹಾರ್ಡ್ ಡಿಸ್ಕಿನ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಬಂದಿತು. ಆದರೂ ಸರ್ವೇ ನಂಬರು, ಹಿಸ್ಸಾ, ಖಾತೆದಾರನ ಹೆಸರುಗಳನ್ನು ಯಾರೂ ಹೊಸ ಸಾಧನಕ್ಕಾಗಿ ಮತ್ತೆ ಬರೆಯಬೇಕಾಗಲಿಲ್ಲ. ಇದು ಹೇಗೆ ಸಾಧ್ಯವಾಯಿತು?

ಘಟಪ್ರಭೆಯ ನೀರನ್ನು ನೆನೆಯಿರಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರು ನಿಲ್ಲುತ್ತದೆ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಅದು ಕಾಲುವೆಗೆ ತಿರುಗುತ್ತದೆ. ಕಬ್ಬಿನ ಗದ್ದೆಯ ರೈತನಿಗೆ ಜಲಾಶಯದ ಗೇಟಿನ ಯಂತ್ರ ಯಾವುದು ಎಂಬುದು ಬೇಕಿಲ್ಲ. ತನ್ನ ಹೊಲದ ತೂಬಿಗೆ ಸರದಿಯಂತೆ ನೀರು ಬಂದರೆ ಸಾಕು. ಮೇಲೆ ಗೇಟು ಬದಲಾದರೂ ಕೆಳಗೆ ತೂಬು ಬದಲಾಗುವುದಿಲ್ಲ.

ಕಂಪ್ಯೂಟರಿನಲ್ಲಿಯೂ ವ್ಯವಸ್ಥೆ ಹೀಗೆಯೇ. ಆಪರೇಟಿಂಗ್ ಸಿಸ್ಟಂನ ತಿರುಳಿಗೆ ಕರ್ನಲ್ ಎಂದು ಹೆಸರು. ಪಹಣಿಯ ತಂತ್ರಾಂಶ ಕೇಳಿದ್ದನ್ನು ಕರ್ನಲ್ ಡಿಸ್ಕಿನಿಂದ ತರಿಸಿಕೊಡುತ್ತದೆ. ಆದರೆ ಪ್ರತಿಯೊಂದು ಡಿಸ್ಕಿನ ಭಾಷೆ ಬೇರೆ ಬೇರೆ. ಆ ಭಾಷೆ ಬಲ್ಲ ದುಭಾಷಿಯೇ ಡ್ರೈವರ್. ಕರ್ನಲ್ ಯಾವ ರೀತಿ ಕೇಳಬೇಕು, ಡ್ರೈವರ್ ಯಾವ ರೀತಿ ಉತ್ತರಿಸಬೇಕು ಎಂಬ ಒಪ್ಪಂದಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ನಮ್ಮ ಉತಾರದ ಹಿಂದಿನ ತೂಬು ಇದೇ.

ಈ ಒಪ್ಪಂದ ಮೊದಲಿನಿಂದ ಇರಲಿಲ್ಲ. 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಯಂತ್ರದೊಡನೆ ಮೊದಲ ಡಿಸ್ಕನ್ನು ಮಾರುಕಟ್ಟೆಗೆ ತಂದಿತು. 24 ಅಂಗುಲ ಅಗಲದ 50 ತಟ್ಟೆಗಳನ್ನು ಪೇರಿಸಿದರೂ ಅದರಲ್ಲಿ ಹಿಡಿಸುತ್ತಿದ್ದದ್ದು ಸುಮಾರು 5 ಮೆಗಾಬೈಟ್ ಮಾತ್ರ. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕು. ಯಾವ ತಟ್ಟೆಯ ಯಾವ ಪಥಕ್ಕೆ ಹೋಗಬೇಕೆಂಬ ಚಿಂತೆ ಆಗ ಕಾರ್ಯಕ್ರಮ ಬರೆಯುವವನ ತಲೆಯ ಮೇಲೆಯೇ ಇತ್ತು. ಡಿಸ್ಕು ಬದಲಾದರೆ ಕಾರ್ಯಕ್ರಮವನ್ನೂ ಬದಲಾಯಿಸಬೇಕಿತ್ತು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಆ ಯುನಿಕ್ಸ್‌ನ ಕರ್ನಲ್ ಒಳಗೆ ಒಂದು ಪುಟ್ಟ ಕೋಷ್ಟಕವಿತ್ತು. ಪ್ರತಿಯೊಂದು ಡಿಸ್ಕಿನ ಡ್ರೈವರ್ ಅದರಲ್ಲಿ ಮೂರು ಕೆಲಸಗಳಿಗೆ ತನ್ನ ವಿಳಾಸ ಬರೆಸಬೇಕಿತ್ತು: ತೆರೆಯುವುದು, ಮುಚ್ಚುವುದು, ಮತ್ತು 512 ಬೈಟ್‌ಗಳ ಒಂದು ಕಂತನ್ನು ಓದುವುದು ಅಥವಾ ಬರೆಯುವುದು. ಈ ಕಂತಿಗೆ ಬ್ಲಾಕ್ ಎಂದು ಹೆಸರು. ಡಿಸ್ಕು ಯಾರದೇ ಇರಲಿ, ಕರ್ನಲ್ ಕೇಳುತ್ತಿದ್ದ ಪ್ರಶ್ನೆ ಒಂದೇ: 'ಇಂತಿಷ್ಟನೆಯ ಬ್ಲಾಕ್ ಕೊಡು.' ಎಷ್ಟು ಸರಳ, ಆದರೆ ಎಷ್ಟು ಗಟ್ಟಿ! ಈ ಮಾತಿನ ರೀತಿ ಇಂದಿಗೂ ಉಳಿದಿದೆ.

ಮುಂದೆ ಯಂತ್ರ ತಯಾರಕರೂ ಒಂದು ಸಮಾನ ಭಾಷೆಗೆ ಒಪ್ಪಿದರು. 1986ರಲ್ಲಿ ಸ್ಕಸಿ ಎಂಬ ಮಾನದಂಡ ಪ್ರಕಟವಾಯಿತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಡ್ರೈವರ್ ಕೆಲಸವನ್ನು ಎರಡಾಗಿ ಹಂಚಿತು. ಎಲ್ಲ ಡಿಸ್ಕುಗಳಿಗೂ ಸಾಮಾನ್ಯವಾದ ದೊಡ್ಡ ಭಾಗವನ್ನು ಮೈಕ್ರೋಸಾಫ್ಟ್ ಬರೆದುಕೊಟ್ಟಿತು. ತನ್ನ ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಸಣ್ಣ ಭಾಗವನ್ನು ತಯಾರಕ ಬರೆದರೆ ಸಾಕಾಯಿತು. ಅತ್ತ 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರು.

ಆ ಕಾಲದ ಡಿಸ್ಕಿನಲ್ಲಿ ಒಂದು ಓದುಮುಳ್ಳು ತಟ್ಟೆಯ ಮೇಲೆ ಅತ್ತಿತ್ತ ಓಡಾಡುತ್ತಿತ್ತು. ಹುಕ್ಕೇರಿಯಿಂದ ಘಟಪ್ರಭಾ, ಗೋಕಾಕದ ಮೇಲೆ ಮೂಡಲಗಿಗೆ ಹೋಗುವ ಬಸ್ಸನ್ನು ಊಹಿಸಿಕೊಳ್ಳಿರಿ. ಮೊದಲು ಟಿಕೆಟು ಕೇಳಿದವನು ಮೂಡಲಗಿಯವನೆಂದು ನೇರವಾಗಿ ಅಲ್ಲಿಗೆ ಹೋಗಿ, ಮತ್ತೆ ಹಿಂದಿರುಗಿ ಘಟಪ್ರಭಾದವನನ್ನು ಇಳಿಸಿದರೆ ಹೇಗಿದ್ದೀತು? ದಾರಿಯಲ್ಲಿ ಬರುವ ಊರಿನ ಕ್ರಮದಲ್ಲಿ ಇಳಿಸುವುದೇ ಜಾಣತನ. ಕರ್ನಲ್ ಸಹ ಬಂದ ಬೇಡಿಕೆಗಳನ್ನು ಹೀಗೆಯೇ ಸಾಲಾಗಿ ಜೋಡಿಸಿ ಡ್ರೈವರಿಗೆ ಕೊಡುತ್ತಿತ್ತು.

2003ರ ಡಿಸೆಂಬರಿನಲ್ಲಿ ಲಿನಕ್ಸ್ 2.6 ಹೊರಬಂದಿತು. ಅದರಲ್ಲಿ ಡೆನ್ಮಾರ್ಕಿನ ಯೆನ್ಸ್ ಆಕ್ಸ್‌ಬೋ ಅವರು ಈ ಒಪ್ಪಂದವನ್ನು ಹೊಸದಾಗಿ ಕಟ್ಟಿದ್ದರು. ಒಂದೊಂದೇ ಬ್ಲಾಕ್ ಕೇಳುವ ಬದಲು ಅನೇಕ ಬ್ಲಾಕುಗಳ ದೊಡ್ಡ ಬೇಡಿಕೆಯನ್ನು ಒಂದೇ ಚೀಟಿಯಲ್ಲಿ ಬರೆದು ಕಳಿಸುವ ಅನುಕೂಲ ಆಗ ಬಂದಿತು. ಇದೇ ಹೊತ್ತಿನಲ್ಲಿ ನಮ್ಮ ಬೆಂಗಳೂರಿನ ಐಬಿಎಂ ಕೇಂದ್ರದಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಕೆಲಸದಲ್ಲಿ ತೊಡಗಿದ್ದರು. ಬೇಡಿಕೆ ಸಲ್ಲಿಸಿದ ಕಾರ್ಯಕ್ರಮ ಉತ್ತರ ಬರುವ ತನಕ ಕೈಕಟ್ಟಿ ಕೂರದೆ ಬೇರೆ ಕೆಲಸ ಮಾಡಿಕೊಳ್ಳುವಂತೆ ಲಿನಕ್ಸನ್ನು ಸಜ್ಜುಗೊಳಿಸುವುದೇ ಆ ಕೆಲಸ. ಈ ಕುರಿತ ಅವರ ಪ್ರಬಂಧ 2003ರಲ್ಲಿ ಕೆನಡಾದ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಮಂಡನೆಯಾಯಿತು. ಜಗತ್ತಿನ ಈ ತೂಬಿಗೆ ಕರ್ನಾಟಕದಲ್ಲಿ ಕುಳಿತವರೂ ಕಲ್ಲು ಹೊತ್ತಿದ್ದಾರೆ ಎಂಬುದು ನಮಗೆ ಹೆಮ್ಮೆಯ ವಿಷಯ.

ಎಸ್‌ಎಸ್‌ಡಿ ಬಂದ ಮೇಲೆ ಓದುಮುಳ್ಳಿನ ಓಡಾಟ ನಿಂತಿತು. ಹಳೆಯ ರೀತಿಯ ಡಿಸ್ಕಿಗೆ ಒಂದೇ ಸಾಲು, ಅದರಲ್ಲಿ 32 ಬೇಡಿಕೆಗಳಿಗೆ ಜಾಗ. 2011ರಲ್ಲಿ ಬಂದ ಎನ್‌ವಿಎಂಇ ಮಾನದಂಡ 65,000ಕ್ಕೂ ಮಿಕ್ಕಿದ ಸಾಲುಗಳಿಗೆ ಅವಕಾಶ ಕೊಟ್ಟಿತು. ಕಚೇರಿಯಲ್ಲಿ ಒಂದೇ ಕಿಟಕಿಯಿದ್ದರೆ ಹಿಂದೆ ಜನ ನೆರೆಯುತ್ತಾರಲ್ಲವೆ? ಅದಕ್ಕಾಗಿ ಲಿನಕ್ಸ್ 2014ರ ಜನವರಿಯಲ್ಲಿ, 3.13ನೆಯ ಆವೃತ್ತಿಯಲ್ಲಿ, ಅನೇಕ ಕಿಟಕಿಗಳ ಪದ್ಧತಿಯನ್ನು ತಂದಿತು. ಹಳೆಯ ಒಂಟಿ ಕಿಟಕಿಯನ್ನು 2019ರ 5.0 ಆವೃತ್ತಿಯಲ್ಲಿ ಪೂರ್ತಿಯಾಗಿ ಮುಚ್ಚಲಾಯಿತು. ಒಳಗೆ ಇಷ್ಟೆಲ್ಲ ನಡೆದರೂ ಮೇಲಿನ ತಂತ್ರಾಂಶ ಕೇಳುವ ರೀತಿ ಬದಲಾಗಲಿಲ್ಲ.

ಇಲ್ಲಿಯವರೆಗೆ ವೇಗದ ಕಥೆಯಾಯಿತು. ಆದರೆ ರೈತನಿಗೆ ವೇಗಕ್ಕಿಂತ ಮುಖ್ಯವಾದದ್ದು ಸತ್ಯ. ಡಿಸ್ಕಿನೊಳಗೆ ಒಂದು ತಾತ್ಕಾಲಿಕ ಸ್ಮರಣೆ ಇರುತ್ತದೆ. ಬಂದದ್ದನ್ನು ಮೊದಲು ಅಲ್ಲಿಟ್ಟುಕೊಂಡು, 'ಬರೆದಾಯಿತು' ಎಂದು ಡಿಸ್ಕು ಹೇಳಿಬಿಡುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ? ಹುಕ್ಕೇರಿಯವರಿಗೆ ಕರೆಂಟಿನ ಬೆಲೆ ಹೇಳಿಕೊಡಬೇಕಿಲ್ಲ. 1969ರಲ್ಲೇ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡವರು ಅವರು. ಕರೆಂಟು ಹೋಯಿತೆಂದರೆ, ಬರೆದಾಯಿತೆಂದು ನಂಬಿದ ಹಕ್ಕು ಬದಲಾವಣೆ ಎಲ್ಲಿಯೂ ಇರುವುದಿಲ್ಲ. ಆದ್ದರಿಂದ 'ಸ್ಮರಣೆಯಲ್ಲಿರುವುದನ್ನು ಈಗಲೇ ಶಾಶ್ವತವಾಗಿ ಬರೆ, ಬರೆದ ಮೇಲೆಯೇ ಉತ್ತರ ಕೊಡು' ಎಂಬ ಆಜ್ಞೆ ಒಪ್ಪಂದದ ಭಾಗವಾಯಿತು. ಲಿನಕ್ಸ್‌ನಲ್ಲಿ ಇದಕ್ಕೆ ಇಂದಿನ ಸ್ಪಷ್ಟ ರೂಪ ಬಂದದ್ದು 2011ರಲ್ಲಿ.

2018ರಲ್ಲಿ ಇನ್ನೊಂದು ಲೋಪ ಬೆಳಕಿಗೆ ಬಂದಿತು. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶದವರು ಅದನ್ನು ಗಮನಿಸಿದರು. ಡಿಸ್ಕಿಗೆ ಬರೆಯುವಾಗ ತಪ್ಪಾದರೆ ಲಿನಕ್ಸ್ ಒಮ್ಮೆ ದೂರು ಹೇಳುತ್ತಿತ್ತು. ಎರಡನೆಯ ಬಾರಿ ಕೇಳಿದರೆ 'ಎಲ್ಲ ಸರಿಯಿದೆ' ಎನ್ನುತ್ತಿತ್ತು. ಕೆಲವೊಮ್ಮೆ ದೂರು ಕೇಳಬೇಕಾದವರಿಗೆ ತಲುಪುತ್ತಲೇ ಇರಲಿಲ್ಲ. ಕೊನೆಗೆ ತಪ್ಪು ಕಂಡೊಡನೆ ಕೆಲಸ ನಿಲ್ಲಿಸಿ, ಮೊದಲಿನ ನೆಚ್ಚಿಗೆಯ ದಾಖಲೆಯಿಂದ ಮತ್ತೆ ಆರಂಭಿಸುವಂತೆ 2019ರಲ್ಲಿ ಪೋಸ್ಟ್‌ಗ್ರೆಸ್ಸನ್ನು ತಿದ್ದಲಾಯಿತು. ನಮ್ಮ 'ಭೂಮಿ' ಆರಂಭವಾದದ್ದು ಬೇರೆ ತಂತ್ರಾಂಶದ ಮೇಲೆ. ಆದರೂ ದಾಖಲೆ ಇಡುವವರೆಲ್ಲರಿಗೂ ಇದರಲ್ಲಿ ಪಾಠವಿದೆ. ನೀರು ಬರಲಿಲ್ಲವೆಂದರೆ ರೈತ ಬೇರೆ ದಾರಿ ನೋಡಿಕೊಂಡಾನು. ಬಾರದ ನೀರನ್ನು ಬಂದಿತೆಂದು ಪುಸ್ತಕದಲ್ಲಿ ಬರೆದರೆ ಅವನ ಬೆಳೆ ಒಣಗುತ್ತದೆ.

ಓದುಗರೇ, ಮುಂದಿನ ಸಲ ನೀವು ಉತಾರ ಕೈಯಲ್ಲಿ ಹಿಡಿದಾಗ ಈ ಸರಪಳಿಯನ್ನು ಒಮ್ಮೆ ನೆನೆಯಿರಿ. ಆ ಹಾಳೆ ತನಗೆ ಬೇಕಾದದ್ದನ್ನು ಕರ್ನಲ್‌ನಿಂದ ಪಡೆಯಿತು. ಕರ್ನಲ್ ಡ್ರೈವರನ್ನು ಕೇಳಿತು. ಡ್ರೈವರ್ ಡಿಸ್ಕನ್ನು ಕೇಳಿತು. ಯಾರಿಗೂ ಇನ್ನೊಬ್ಬರ ಮನೆಯ ಒಳಗುಟ್ಟು ತಿಳಿಯಬೇಕಾಗಿಲ್ಲ. ಆದರೆ ಕೊಟ್ಟ ಮಾತನ್ನು ಎಲ್ಲರೂ ಉಳಿಸಿಕೊಳ್ಳಬೇಕು. ಆಗದಿದ್ದರೆ ಆಗಲಿಲ್ಲವೆಂದು ಹೇಳಬೇಕು. ಹಿಂದೆ ತಲಾಠಿಯವರ ಪುಸ್ತಕದಿಂದ ನಾವು ಬಯಸಿದ್ದೂ ಇಷ್ಟೇ ಅಲ್ಲವೆ?