ಇನ್ಸುಲಿನ್ನಿನ ಅಳತೆ: ಮೊಲದಿಂದ ಮಾರ್ಜಾಲದವರೆಗೆ

ಔಷಧಗಳ ಚರಿತ್ರೆಯನ್ನು ಬರೆಯುವವರು ಶೋಧಕ್ಕೆ ಸಲ್ಲಿಸುವ ಗೌರವವನ್ನು ಅಳತೆಗೆ ಸಲ್ಲಿಸುವುದು ವಿರಳ. ಇನ್ಸುಲಿನ್ನಿನ ವಿಷಯದಲ್ಲಿ ಈ ಉಪೇಕ್ಷೆ ಉಚಿತವಲ್ಲ. ಮಧುಮೇಹ ತಗುಲಿದ ಬೆಕ್ಕಿಗೆ ಎಷ್ಟು ಇನ್ಸುಲಿನ್ ಕೊಡಬೇಕೆಂಬ, ಮೇಲ್ನೋಟಕ್ಕೆ ಅಲ್ಪವೆಂದು ತೋರುವ ಪ್ರಶ್ನೆಯೂ ಆ ಅಳತೆಯ ಹುಟ್ಟಿನವರೆಗೆ ನಮ್ಮನ್ನು ಕರೆದೊಯ್ಯುತ್ತದೆ.

1921ರ ಬೇಸಗೆಯಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ನಾಯಿಗಳ ಮೇದೋಜೀರಕಾಂಗದಿಂದ ಸತ್ತ್ವವನ್ನು ತೆಗೆದಾಗ ಅದನ್ನು ಅಳೆಯಲು ಯಾವ ಮಾನವೂ ಇರಲಿಲ್ಲ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ 15 ಘನ ಸೆಂಟಿಮೀಟರ್ ಸತ್ತ್ವವನ್ನು ಚುಚ್ಚಿದರು. ರಕ್ತದ ಸಕ್ಕರೆ 440ರಿಂದ 320 ಮಿಲಿಗ್ರಾಂಗೆ ಇಳಿಯಿತಾದರೂ ಚುಚ್ಚಿದೆಡೆ ಬಾವು ಎದ್ದು ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಅದೇ ತಿಂಗಳ 23ರಂದು ಕಾಲಿಪ್ ಶುದ್ಧಿಗೊಳಿಸಿದ ಸತ್ತ್ವವನ್ನು ಕೊಡಲು, ಸಕ್ಕರೆ 520ರಿಂದ 120ಕ್ಕೆ ಇಳಿಯಿತು.

ಕಾಲಿಪ್ ತನ್ನ ಸತ್ತ್ವದ ಬಲವನ್ನು ಪರೀಕ್ಷಿಸಿದ್ದು ಮೊಲಗಳ ಮೇಲೆ. ಪ್ರಮಾಣ ಮೀರಿದಾಗ ಮೊಲವು ಸೆಳೆತಕ್ಕೆ ಸಿಕ್ಕುತ್ತಿತ್ತು. ಆ ಸೆಳೆತವೇ ಅಳತೆಗೋಲಾಯಿತು. 24 ಗಂಟೆ ಉಪವಾಸವಿದ್ದ 2 ಕಿಲೋಗ್ರಾಂ ತೂಕದ ಮೊಲದ ಸಕ್ಕರೆಯನ್ನು 45 ಮಿಲಿಗ್ರಾಂಗೆ ಇಳಿಸುವಷ್ಟು ಔಷಧವನ್ನು ಒಂದು ಯೂನಿಟ್ ಎಂದರು. ಈ ಮಾನ ವ್ಯವಹಾರಕ್ಕೆ ಹಿರಿದೆನಿಸಿ, 1923ರಲ್ಲಿ ಎಡಿನ್‌ಬರೋದಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಕೂಡಿದ ತಜ್ಞರು ಅದರ ಮೂರನೆಯ ಒಂದು ಪಾಲನ್ನು ಸ್ವೀಕರಿಸಿದರು. 1925ರ ಅಂತರರಾಷ್ಟ್ರೀಯ ಮಾದರಿಯ ಒಣಪುಡಿಯಲ್ಲಿ 0.125 ಮಿಲಿಗ್ರಾಂ ಒಂದು ಯೂನಿಟ್ ಎನಿಸಿತು. ಹೀಗೆ ಯೂನಿಟ್ಟು ಔಷಧದ ಬಲವನ್ನು ನಿಶ್ಚಯಿಸಿತು. ಅದನ್ನು ಪಡೆಯುವ ಶರೀರದ ಅಗತ್ಯವನ್ನು ಅದು ಹೇಳಲಾರದು. ಹಳೆಯ ತೂಕದ ಕಲ್ಲುಗಳನ್ನು ನೋಡಿ ಬೆಳೆಯ ಮೊತ್ತವನ್ನು ಊಹಿಸಹೊರಟ ಇತಿಹಾಸಕಾರನಿಗೂ ಈ ಎಚ್ಚರ ಸಲ್ಲುತ್ತದೆ.

1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಇನ್ಸುಲಿನ್ನಿಗೆ ಪ್ರೋಟಮಿನನ್ನು ಬೆರೆಸಿ ಅದರ ಕಾರ್ಯವನ್ನು ನಿಧಾನಗೊಳಿಸಿದನು. ಟೊರಾಂಟೊದ ಸ್ಕಾಟ್ ಮತ್ತು ಫಿಷರ್ ಸತುವನ್ನೂ ಸೇರಿಸಿದರು. ಈ ಔಷಧವೇ ಬಹುಕಾಲ ಬೆಕ್ಕುಗಳಿಗೆ ಒದಗಿತು. ಬೆಕ್ಕಿನ ಇನ್ಸುಲಿನ್ ಹಸುವಿನದಕ್ಕಿಂತ ಒಂದೇ ಅಮೈನೋ ಆಮ್ಲದಲ್ಲಿ ಭಿನ್ನವಾದುದರಿಂದ ಗೋವಿನ ಔಷಧ ಅದಕ್ಕೆ ಹೊಂದುತ್ತಿತ್ತು.

ಆದರೆ ಪ್ರಮಾಣ? ಸಾಧಾರಣ ಗಾತ್ರದ ಬೆಕ್ಕಿಗೆ ದಿನಕ್ಕೆರಡು ಸಲ ಸುಮಾರು ಒಂದು ಯೂನಿಟ್‌ನಿಂದ ತೊಡಗಿ, ದಿನಗಳು ಕಳೆದ ಮೇಲೆ ಅಳೆದು ಅತ್ಯಲ್ಪವಾಗಿ ಏರಿಸುವುದು ಇಂದಿನ ಪದ್ಧತಿ. ಅವಸರ ಪಟ್ಟರೆ ಸಕ್ಕರೆ ಕುಸಿದು ಪ್ರಾಣಿ ಸಾಯಬಹುದು. ಚಿಕಿತ್ಸಾಲಯದ ಭಯದಿಂದಲೇ ಬೆಕ್ಕಿನ ಸಕ್ಕರೆ ಏರುವುದರಿಂದ ಅಲ್ಲಿ ದೊರೆತ ಅಂಕಿ ವಂಚಿಸುತ್ತದೆ. ಆದುದರಿಂದಲೇ ಮನೆಯಲ್ಲಿ ಕಿವಿಯ ಅಂಚಿನಿಂದ ರಕ್ತದ ಹನಿಯನ್ನು ತೆಗೆದು ಅಳೆಯುವ ರೂಢಿ ಬಂದಿದೆ. ಔಷಧ ಮಿತಿಮೀರಿದಾಗ ಸಕ್ಕರೆ ಇಳಿದು ಮತ್ತೆ ಪುಟಿದೇಳುವುದೆಂದು 1930ರ ದಶಕದಲ್ಲಿ ಸೊಮೋಗಿ ವಾದಿಸಿದ್ದನು. ಬೆಕ್ಕುಗಳಲ್ಲಿ ಇದು ವಿರಳವೆಂದು ಈಚಿನ ಪರೀಕ್ಷೆಗಳು ಸೂಚಿಸಿವೆ.

ಪ್ರಮಾದಕ್ಕೆ ಇನ್ನೊಂದು ದಾರಿ ಸಿರಿಂಜಿನಲ್ಲಿದೆ. ಘನ ಸೆಂಟಿಮೀಟರಿಗೆ 40 ಯೂನಿಟ್‌ಗಳ ಔಷಧವೂ 100 ಯೂನಿಟ್‌ಗಳ ಔಷಧವೂ ನಮ್ಮ ದೇಶದ ಅಂಗಡಿಗಳಲ್ಲಿ ಜೊತೆಜೊತೆಯಾಗಿ ದೊರೆಯುತ್ತವೆ. ಸಿರಿಂಜುಗಳೂ ಬೇರೆ ಬೇರೆ. 40ರ ಔಷಧವನ್ನು 100ರ ಸಿರಿಂಜಿನಲ್ಲಿ ಎಳೆದರೆ ಐದರಲ್ಲಿ ಎರಡು ಪಾಲು ಮಾತ್ರ ಸಲ್ಲುತ್ತದೆ. 100ರದನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಾಲು.